ಮಗಳಿಗೊಂದು ಪತ್ರ: ಯೆಶಿವಾ ಫೀಸಿನ ಲೆಕ್ಕ

ಮೈಸೂರು

ಪ್ರೀತಿಯ ಪುಟ್ಟಿ,

ನ್ಯೂಜೆರ್ಸಿಯ ಟೀನೆಕ್‌ನಲ್ಲಿ ಟ್ಯಾಕ್ಸ್ ಕೆಲಸಕ್ಕೆ ಕೂತ ಮೇಲೆ ನಿನ್ನ ಮೇಜಿಗೆ ಬರುವ ಫೈಲುಗಳಲ್ಲಿ ಯಹೂದಿ ಕುಟುಂಬಗಳದ್ದೇ ಹೆಚ್ಚು. ಸಂಬಳ ನೋಡಿದರೆ ಅನುಕೂಲಸ್ಥರು, ಬ್ಯಾಂಕಿನ ಪಾಸ್‌ಬುಕ್ ನೋಡಿದರೆ ತಿಂಗಳ ಕೊನೆಗೆ ಕೈ ಖಾಲಿ, ಇದು ಹೇಗೆ ಎಂದು ಕೇಳಿದ್ದೀಯ. ಮಕ್ಕಳನ್ನು ಕಳಿಸುವ ಯಹೂದಿ ಧಾರ್ಮಿಕ ಶಾಲೆಯ, ಅಂದರೆ ಯೆಶಿವಾದ, ಫೀಸಿನಿಂದ ಹೀಗಾಗುತ್ತದೆ. ಅದನ್ನು ಅವರು ಹೇಗೆ ಕಟ್ಟುತ್ತಾರೆ, ನೀನು ಎಲ್ಲಿ ನೆರವಾಗಬಹುದು, ಎಲ್ಲಿ "ಆಗುವುದಿಲ್ಲ" ಎನ್ನಬೇಕು ಎಂಬುದನ್ನು ಒಂದೇ ಸಲ ಬರೆದುಬಿಡುತ್ತೇನೆ.

ಮೊದಲು ಒಂದು ಲೆಕ್ಕ ಹಾಕು. ಗಂಡ ಹೆಂಡತಿ ಇಬ್ಬರೂ ಸಂಬಳದವರು, ಸೇರಿ ವರ್ಷಕ್ಕೆ 2,40,000 ಡಾಲರ್ ಎಂದಿಟ್ಟುಕೊ. ಮಕ್ಕಳು ಮೂವರು: ಒಂದನೇ ಕ್ಲಾಸು, ಐದನೇ ಕ್ಲಾಸು, ಒಂಬತ್ತನೇ ಕ್ಲಾಸು. ಫೀಸು 22,000, 23,000 ಮತ್ತು 33,000, ಒಟ್ಟು 78,000. ಕೇಂದ್ರದ ತೆರಿಗೆ, ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್, ನ್ಯೂಜೆರ್ಸಿಯ ತೆರಿಗೆ ಎಲ್ಲ ಸೇರಿ ಹೆಚ್ಚುಕಡಿಮೆ 57,000 ಹೋಗುತ್ತದೆ. ಮನೆ ಕಂದಾಯ 18,000, ಮನೆ ಸಾಲದ ಕಂತು 40,000, ಆರೋಗ್ಯ ವಿಮೆ 12,000. ಉಳಿದದ್ದು 1,13,000. ಅದರಲ್ಲಿ ಫೀಸು ಕಳೆದರೆ 35,000. ಐದು ಜನರ ಊಟ (ಧರ್ಮನಿಯಮದಂತೆ ತಯಾರಾದ ಕೋಷರ್ ಮಾಂಸ ಮಾಮೂಲಿ ಮಾಂಸಕ್ಕಿಂತ ಬಹಳ ದುಬಾರಿ), ಎರಡು ಕಾರು, ಸಿನಗಾಗ್ (ಪ್ರಾರ್ಥನಾ ಮಂದಿರ) ಸದಸ್ಯತ್ವ, ಬೇಸಿಗೆ ಶಿಬಿರ, ಹಲ್ಲಿನ ಡಾಕ್ಟರು, ಎಲ್ಲವೂ ಇದರಲ್ಲೇ ಆಗಬೇಕು. ನಿವೃತ್ತಿಗೆ ಇನ್ನೂ ಒಂದು ಡಾಲರ್ ಎತ್ತಿಟ್ಟಿಲ್ಲ. ನಾಲ್ಕನೆಯ ಮಗು ಬಂದರೆ ಈ ಲೆಕ್ಕ ಕೂಡುವುದೇ ಇಲ್ಲ. ಅಂಕಿಗಳು ನಾನು ಉದಾಹರಣೆಗೆ ಹಾಕಿದವು, ಆದರೆ ನೀನಿರುವ ಬರ್ಗನ್ ಕೌಂಟಿಯಲ್ಲಿ ಇವು ಅತಿಶಯವಲ್ಲ. ಮ್ಯಾನ್‌ಹಟನ್‌ನ ಕೆಲವು ಶಾಲೆಗಳಲ್ಲಿ ಒಂದೇ ಮಗುವಿಗೆ 40,000 ದಾಟುತ್ತದೆ. ಲೇಕ್‌ವುಡ್, ಬರೋ ಪಾರ್ಕ್‌ನ ಹರೇದಿ (ಅತಿ ಸಂಪ್ರದಾಯಸ್ಥ ಯಹೂದಿ) ಯೆಶಿವಾಗಳಲ್ಲಿ ಫೀಸು ಇದಕ್ಕಿಂತ ಬಹಳ ಕಡಿಮೆ, ಆದರೆ ಅಲ್ಲಿ ಎಷ್ಟೋ ಮನೆಗಳಲ್ಲಿ ಏಳೆಂಟು ಮಕ್ಕಳು.

ಸರ್ಕಾರಿ ಶಾಲೆ ಪುಕ್ಕಟೆ ಇದೆಯಲ್ಲ, ಅಲ್ಲಿಗೆ ಕಳಿಸಬಾರದೇ ಎಂದು ಕ್ಲೈಂಟುಗಳ ಎದುರು ಬಾಯಿ ತಪ್ಪಿಯೂ ಕೇಳಬೇಡ. ಧರ್ಮನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಆರ್ಥೊಡಾಕ್ಸ್ ಮನೆಯಲ್ಲಿ ಇದು ಆಯ್ಕೆಯ ಮಾತಲ್ಲ. ಮಗನಿಗೆ ತೋರಾ (ಯಹೂದಿ ಧರ್ಮಗ್ರಂಥ) ಕಲಿಸುವುದು ತಂದೆಯ ಕರ್ತವ್ಯ ಎಂದು ಧರ್ಮಶಾಸ್ತ್ರವೇ ವಿಧಿಸಿದೆ. ಕಲಿಸಲಾಗದ ತಂದೆಯ ಮಕ್ಕಳು, ತಂದೆಯೇ ಇಲ್ಲದ ಮಕ್ಕಳು ಹಿಂದುಳಿಯುತ್ತಾರೆಂದು ಯೆಹೋಶುವಾ ಬೆನ್ ಗಮ್ಲಾ ಎಂಬ ಮಹಾಯಾಜಕ ಊರೂರಿಗೂ ಉಪಾಧ್ಯಾಯರನ್ನು ನೇಮಿಸಿ, ಆರೇಳು ವರ್ಷದ ಮಕ್ಕಳನ್ನು ಪಾಠಕ್ಕೆ ಕೂರಿಸಿದನೆಂದು ಹಳೆಯ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮೂಡ್‌ನ ಬಾವಾ ಬತ್ರಾ ಭಾಗದಲ್ಲಿದೆ. 25 ಮಕ್ಕಳಿಗೆ ಒಬ್ಬ ಉಪಾಧ್ಯಾಯ, 40 ಆದರೆ ಜೊತೆಗೊಬ್ಬ ಸಹಾಯಕ, 50 ಆದರೆ ಇಬ್ಬರು, ಸಹಾಯಕನ ಖರ್ಚು ಊರಿನದು ಎಂಬ ಲೆಕ್ಕವೂ ಅಲ್ಲೇ ಇದೆ. ಮಕ್ಕಳ ಓದಿನ ಖರ್ಚು ಇಡೀ ಸಮುದಾಯದ ಹೊಣೆ ಎಂಬ ಆ ಹಳೆಯ ತಿಳಿವಳಿಕೆಯ ಮೇಲೆಯೇ ಇವತ್ತಿನ ಫೀಸು ರಿಯಾಯಿತಿಯೂ ನಿಂತಿದೆ. ಇದು ಗೊತ್ತಿದ್ದರೆ, ರಿಯಾಯಿತಿ ಕೇಳಲು ನಾಚುವವರಿಗೆ ನೀನು ಧೈರ್ಯ ಹೇಳಬಹುದು.

ಫೀಸು ಇಷ್ಟೇಕೆ ಎಂದರೆ, ಶಾಲೆ ಒಂದಾದರೂ ಉಪಾಧ್ಯಾಯ ವರ್ಗ ಎರಡು. ದಿನದ ಒಂದು ಭಾಗ ತೋರಾ, ತಾಲ್ಮೂಡ್, ಹೀಬ್ರೂ, ಇನ್ನೊಂದು ಭಾಗ ಗಣಿತ, ವಿಜ್ಞಾನ, ಇಂಗ್ಲಿಷ್. ದಿನವೂ ಉದ್ದ. ಮೇಲೆ ಕಾವಲು ಸಿಬ್ಬಂದಿಯ ಖರ್ಚು ಪ್ರತಿವರ್ಷ ಏರುತ್ತಿದೆ. ಪೂರ್ತಿ ಫೀಸು ಕಟ್ಟುವವರ ಹಣದಲ್ಲೂ, ದಾನದಲ್ಲೂ ಸ್ವಲ್ಪ ಭಾಗ ಕಟ್ಟಲಾಗದವರ ಪಾಲಿಗೆ ಹೋಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬಾ. ಶಾಲೆಯ ಕರಪತ್ರದಲ್ಲಿ ಅಚ್ಚಾದ ಫೀಸು ಅಂಗಡಿಯ ಎಂಆರ್‌ಪಿ ಇದ್ದಂತೆ; ಮನೆಮನೆಯ ಫೀಸು ಬೇರೆ. ಅದನ್ನು ನಿರ್ಧರಿಸುವುದು ರಿಯಾಯಿತಿ ಅರ್ಜಿ. ತೆರಿಗೆ ಕಾನೂನಿನಲ್ಲಿ ಹುಡುಕಿ ಹುಡುಕಿ ಸಿಗುವ ಉಳಿತಾಯ ಸಾವಿರಗಳಲ್ಲಿ ಇದ್ದರೆ, ಸರಿಯಾಗಿ ತುಂಬಿದ ಅರ್ಜಿಯಿಂದ ಆಗುವ ಉಳಿತಾಯ ಹತ್ತಾರು ಸಾವಿರ. ಆದ್ದರಿಂದ ನಿನ್ನ ಶ್ರಮದ ಹೆಚ್ಚಿನ ಪಾಲು ಅಲ್ಲಿಗೆ ಹೋಗಲಿ.

ಅರ್ಜಿಗಳು ಚಳಿಗಾಲದಲ್ಲಿ, ಮಕ್ಕಳ ಮರುನೋಂದಣಿಯ ಜೊತೆಗೇ ತೆರೆಯುತ್ತವೆ. ಬಹಳ ಶಾಲೆಗಳು ಫ್ಯಾಕ್ಟ್ಸ್‌ನಂಥ ಹೊರಗಿನ ಕಂಪನಿಯ ಮೂಲಕ ಕಾಗದ ತರಿಸಿಕೊಳ್ಳುತ್ತವೆ. ಆ ಕಂಪನಿ ಒಂದು ಅಂದಾಜು ಕೊಡುತ್ತದೆ, ತೀರ್ಮಾನ ಮಾತ್ರ ಶಾಲೆಯ ಸಮಿತಿಯದು. ಬೇಕಾದ ಕಾಗದ: ಹಿಂದಿನ ವರ್ಷಗಳ ತೆರಿಗೆ ರಿಟರ್ನ್ (ಫಾರಂ 1040), ಸಂಬಳದ ಡಬ್ಲ್ಯೂ-2, ಇತರ ಆದಾಯದ 1099, ಪಾಲುದಾರಿಕೆಯಿದ್ದರೆ ಕೆ-1, ಬ್ಯಾಂಕ್ ಸ್ಟೇಟ್‌ಮೆಂಟು, ಮನೆ ಸಾಲದ ಬಾಕಿ, ಇತರ ಸಾಲಗಳ ಪಟ್ಟಿ. ಏಪ್ರಿಲ್‌ವರೆಗೆ ಕಾದು ರಿಟರ್ನ್ ಸಲ್ಲಿಸುವವರು ಇಲ್ಲೇ ಎಡವುತ್ತಾರೆ. ಸಮಿತಿಯ ಹತ್ತಿರ ಇರುವ ದುಡ್ಡು ಇಷ್ಟೇ, ಕಾಗದ ಪೂರ್ತಿಯಾದವರ ಅರ್ಜಿಯನ್ನು ಮೊದಲು ನೋಡುತ್ತಾರೆ. ರಿಯಾಯಿತಿ ಕೇಳುವ ಮನೆಗಳ ರಿಟರ್ನನ್ನು ಫೆಬ್ರವರಿಯಲ್ಲೇ ಮುಗಿಸಿಕೊಡು.

ಸಮಿತಿಯವರು 1040ನ್ನು ನೀನು ಓದಿದಂತೆ ಓದುವುದಿಲ್ಲ. ಬಾಡಿಗೆ ಮನೆ ಇದ್ದವರು ಸವಕಳಿ ತೋರಿಸಿ ನಷ್ಟ ಬರೆದಿದ್ದರೆ ಆ ಸವಕಳಿಯನ್ನು ಮತ್ತೆ ಆದಾಯಕ್ಕೆ ಕೂಡಿಸುತ್ತಾರೆ. ಸ್ವಂತ ವ್ಯಾಪಾರದವರ ಕಾರು, ಮನೆಯಲ್ಲಿನ ಆಫೀಸು, ಫೋನು ಇವುಗಳ ಖರ್ಚಿನ ಮೇಲೂ ಕಣ್ಣಿಡುತ್ತಾರೆ. ರಬ್ಬಿಗಳಿಗೆ (ಯಹೂದಿ ಧರ್ಮಗುರುಗಳಿಗೆ) ಸಿಗುವ ವಸತಿ ಭತ್ಯೆಗೆ ತೆರಿಗೆ ಕಾನೂನಿನ ಸೆಕ್ಷನ್ 107ರ ಪ್ರಕಾರ ಆದಾಯ ತೆರಿಗೆ ಇಲ್ಲ, ಹಾಗಾಗಿ ಅದು ಆದಾಯದ ಸಾಲಿನಲ್ಲಿ ಕಾಣುವುದೇ ಇಲ್ಲ. ಅದನ್ನೂ ಕೇಳಿ ಸೇರಿಸುತ್ತಾರೆ. ಅಜ್ಜ ಅಜ್ಜಿ ಎಷ್ಟು ಕೊಡುತ್ತಾರೆ, ಪಾಸೋವರ್ ಹಬ್ಬದ ದಿನಗಳಿ‌ಗೆ ಹೋಟೆಲಿಗೆ ಹೋಗುತ್ತೀರಾ, ಬೇಸಿಗೆ ಶಿಬಿರಕ್ಕೆ ಎಷ್ಟು, ಅಡುಗೆಮನೆ ಹೊಸದಾಗಿ ಮಾಡಿಸಿದಿರಾ, ಮನೆಯಲ್ಲಿರುವ ತಾಯಿ ಅಥವಾ ತಂದೆ ಕೆಲಸಕ್ಕೆ ಯಾಕೆ ಹೋಗುತ್ತಿಲ್ಲ, ಎಲ್ಲವನ್ನೂ ಕೇಳುವ ಶಾಲೆಗಳಿವೆ. ಕೇಳಿಸಿಕೊಳ್ಳುವವರಿಗೆ ನೋವಾಗುತ್ತದೆ. ಆದರೆ ಇನ್ನೊಬ್ಬರ ಫೀಸಿನಿಂದ ಬಂದ ಹಣ ಹಂಚುವವರು ಕೇಳದೆ ಇರಲಾರರು.

ಅರ್ಜಿಯ ಜೊತೆ ಒಂದು ಪುಟದ ಕಾಗದ ಬರೆಸು. ಫಾರಂನಲ್ಲಿ ಜಾಗವಿಲ್ಲದ ಸಂಗತಿಗಳು ಅದರಲ್ಲಿ ಬರಲಿ: ಮಗುವಿನ ಸ್ಪೀಚ್ ಥೆರಪಿಗೆ ತಿಂಗಳಿಗೆ ಇಷ್ಟು, ಊರಿನಲ್ಲಿರುವ ಅಮ್ಮನ ಆರೈಕೆಗೆ ಇಷ್ಟು, ಹೋದ ವರ್ಷದ ಬೋನಸ್ ಈ ವರ್ಷ ಇಲ್ಲ. ಮೊತ್ತ ಸಹಿತ, ರಸೀದಿ ಸಹಿತ. ಅಳುಕಥೆ ಬೇಡ. ಕೊನೆಗೆ "ನಾವು ವರ್ಷಕ್ಕೆ ಇಷ್ಟು ಕಟ್ಟಬಲ್ಲೆವು" ಎಂದು ಒಂದು ಅಂಕಿ ಇರಲೇಬೇಕು. ಅಂಕಿಯಿಲ್ಲದ ಅರ್ಜಿಗೆ ಸಮಿತಿ ತನ್ನ ಅಂಕಿ ಹಾಕುತ್ತದೆ, ಅದು ಸಾಮಾನ್ಯವಾಗಿ ದೊಡ್ಡದೇ. ಎರಡು ಶಾಲೆಯಲ್ಲಿ ಮಕ್ಕಳಿದ್ದರೆ ಎರಡಕ್ಕೂ ಒಂದೇ ಚಿತ್ರ ಹೋಗಬೇಕು, ಇನ್ನೊಂದು ಶಾಲೆಯ ಫೀಸೂ ಅದರಲ್ಲಿ ಕಾಣಬೇಕು. ಸಿಕ್ಕ ರಿಯಾಯಿತಿ ಸಾಲದಿದ್ದರೆ ಮೇಲ್ಮನವಿಗೆ ಅವಕಾಶವಿರುತ್ತದೆ. ಹೊಸ ಕಾಗದ ಇದ್ದರೆ ಮಾತ್ರ ಹೋಗು. ಪ್ರತಿವರ್ಷವೂ ಹೊಸ ಅರ್ಜಿ. ಹೋದ ವರ್ಷ ಸಿಕ್ಕಿತ್ತೆಂದು ಈ ವರ್ಷ ಸುಮ್ಮನಿದ್ದರೆ ಪೂರ್ತಿ ಫೀಸಿನ ಬಿಲ್ಲು ಬರುತ್ತದೆ.

ಬಿಲ್ಲಿನಲ್ಲಿ ಫೀಸಿನಾಚೆ ಇರುವುದನ್ನೂ ನೋಡು. ನೋಂದಣಿ, ಕಟ್ಟಡ ನಿಧಿ, ಭದ್ರತೆ, ವಾರ್ಷಿಕ ಔತಣದ ಜಾಹೀರಾತಿಗೆ ಇಷ್ಟು ತರಬೇಕು ಅಥವಾ ಕೊಡಬೇಕು. ರಿಯಾಯಿತಿ ಇವುಗಳಿಗೆ ಹಲವು ಕಡೆ ಅನ್ವಯಿಸುವುದಿಲ್ಲ. ಮೂರು ಮಕ್ಕಳಿಗೆ ಇವೇ ಕೆಲವು ಸಾವಿರ ಆಗುತ್ತವೆ.

ಇನ್ನು ತೆರಿಗೆ. ಎಲ್ಲರೂ ಕೇಳುವ ಪ್ರಶ್ನೆ: ಇದು ಧಾರ್ಮಿಕ ಶಾಲೆ, ಫೀಸಿನ ಅರ್ಧವನ್ನಾದರೂ ದಾನವೆಂದು ತೋರಿಸಬಹುದಲ್ಲ? ಆಗುವುದಿಲ್ಲ. ಲಾಸ್ ಏಂಜಲಿಸ್‌ನ ಮೈಕಲ್ ಮತ್ತು ಮಾರ್ಲಾ ಸ್ಕ್ಲಾರ್ ದಂಪತಿ ಇದನ್ನೇ ಹಿಡಿದು ಹೋರಾಡಿದರು. 1993ರಲ್ಲಿ ತೆರಿಗೆ ಇಲಾಖೆ ಸೈಂಟಾಲಜಿ ಚರ್ಚಿನವರ ಜೊತೆ ರಾಜಿ ಮಾಡಿಕೊಂಡು ಅವರ ಧಾರ್ಮಿಕ ತರಬೇತಿಯ ಶುಲ್ಕವನ್ನು ತೆರಿಗೆಯ ಆದಾಯದಿಂದ ಕಳೆಯಲು ಬಿಟ್ಟಿತ್ತು. ನಮ್ಮ ಮಕ್ಕಳ ಶಾಲಾ ದಿನದ 55 ಶೇಕಡ ಧಾರ್ಮಿಕ ಪಾಠವೇ, ನಮಗೂ ಬಿಡಿ ಎಂಬುದು ಅವರ ವಾದ. ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2002ರಲ್ಲಿ ಒಮ್ಮೆ, 2008ರಲ್ಲಿ ಇನ್ನೊಮ್ಮೆ ತಳ್ಳಿಹಾಕಿತು. ಹಣ ಕೊಟ್ಟು ಅದಕ್ಕೆ ಪ್ರತಿಯಾಗಿ ಶಿಕ್ಷಣ ಪಡೆದಿದ್ದೀರಿ, ಪಡೆದದ್ದರ ಬೆಲೆಗಿಂತ ಹೆಚ್ಚು ಕೊಟ್ಟಿದ್ದನ್ನು ತೋರಿಸಿಲ್ಲ ಎಂಬುದು ಅದರ ಕಾರಣ. "ನಿಮ್ಮ ಮಗನ ಫೀಸು ನಾನು ದಾನ ಮಾಡುತ್ತೇನೆ, ನನ್ನ ಮಗಳದ್ದು ನೀವು ಮಾಡಿ" ಎಂಬ ಅದಲು ಬದಲು, ಸಿನಗಾಗ್‌ಗೆ ದಾನ ಕೊಟ್ಟು ಅಲ್ಲಿಂದ ಶಾಲೆಗೆ ಹೋಗಿಸುವುದು, ಇವೂ ನಿಲ್ಲುವುದಿಲ್ಲ. ಇಂಥ ರಿಟರ್ನಿಗೆ ಸಹಿ ಹಾಕಬೇಡ. ಕೆನಡಾದಿಂದ ಬಂದವರು "ಅಲ್ಲಿ ಸಿಗುತ್ತಿತ್ತು" ಎಂದರೆ ಅವರ ಮಾತು ನಿಜವೇ: ಅಲ್ಲಿ 1975ರ ಸುತ್ತೋಲೆಯೊಂದರ ಪ್ರಕಾರ ಧಾರ್ಮಿಕ ಪಾಠದ ಪಾಲಿಗೆ ಶಾಲೆ ದಾನದ ರಸೀದಿ ಕೊಡಬಹುದು. ಆ ನಿಯಮ ಗಡಿ ದಾಟುವುದಿಲ್ಲ.

ಗಳಿಕೆಯ ಹತ್ತನೇ ಒಂದು ಭಾಗ ದಾನಕ್ಕೆ ಎತ್ತಿಡುವ ಮಾಸೆರ್ ಪದ್ಧತಿ ಇವರಲ್ಲಿದೆ. ಫೀಸನ್ನು ಅದರಿಂದ ಕಟ್ಟಬಹುದೇ ಎಂಬುದರಲ್ಲಿ ರಬ್ಬಿಗಳಲ್ಲೇ ಒಮ್ಮತವಿಲ್ಲ. ಅದನ್ನು ಅವರವರ ರಬ್ಬಿಗೇ ಬಿಡು. ರಬ್ಬಿ ಒಪ್ಪಿದರೂ ತೆರಿಗೆ ಇಲಾಖೆಗೆ ಅದು ದಾನವಲ್ಲ ಎಂಬುದನ್ನು ಮಾತ್ರ ತಿಳಿಸಿ ಹೇಳು.

ನಿಜವಾಗಿ ಸಿಗುವವು ಇವು. ಓದಿನ ಖರ್ಚಿಗೆಂದೇ ಇರುವ, ತೆರಿಗೆ ಅನುಕೂಲದ 529 ಉಳಿತಾಯ ಖಾತೆಯಿಂದ ಶಾಲಾ ಫೀಸಿಗೆ ಮಗುವೊಂದಕ್ಕೆ ವರ್ಷಕ್ಕೆ 10,000 ಡಾಲರ್ ತೆಗೆಯಲು 2018ರಿಂದ ಅವಕಾಶವಿದೆ, 2026ರಿಂದ ಅದು 20,000 ಆಗಿದೆ. ಮಿತಿ ಮಗುವಿಗೆ, ಖಾತೆಗಲ್ಲ. ಅಪ್ಪನ ಖಾತೆ, ಅಜ್ಜನ ಖಾತೆ ಎರಡರಿಂದಲೂ ತೆಗೆದು ಮಿತಿ ಮೀರುವವರಿದ್ದಾರೆ. ಡಿಸೆಂಬರಿನಲ್ಲಿ ಫೀಸು ಕಟ್ಟಿ ಜನವರಿಯಲ್ಲಿ ಹಣ ತೆಗೆದರೆ ವರ್ಷ ತಾಳೆಯಾಗುವುದಿಲ್ಲ. ನದಿಯಾಚೆ ನ್ಯೂಯಾರ್ಕಿನವರಿಗೆ ಇನ್ನೊಂದು ಗುಂಡಿ: ಆ ರಾಜ್ಯ ಕಾಲೇಜಿಗಿಂತ ಕೆಳಗಿನ ಫೀಸನ್ನು ಒಪ್ಪುವುದಿಲ್ಲ, ಹಿಂದೆ ಕೊಟ್ಟ ವಿನಾಯಿತಿಯನ್ನು ವಾಪಸು ಕೇಳುತ್ತದೆ. ಮೊದಲ ಮಗು ಹುಟ್ಟಿದಾಗಲೇ ಹಣ ಹಾಕಿದವರಿಗೆ ಈ ಖಾತೆಯಿಂದ ಲಾಭ, ಇಂದು ಹಾಕಿ ನಾಳೆ ತೆಗೆಯುವವರಿಗೆ ಬೆಳೆಯಲು ಸಮಯವೇ ಇರುವುದಿಲ್ಲ.

ಅಜ್ಜ ಅಜ್ಜಿ ನೇರವಾಗಿ ಶಾಲೆಗೆ ಚೆಕ್ ಬರೆದರೆ ಎಷ್ಟು ದೊಡ್ಡ ಮೊತ್ತವಾದರೂ ಉಡುಗೊರೆ ತೆರಿಗೆಯ ಲೆಕ್ಕಕ್ಕೆ ಬರುವುದಿಲ್ಲ, ವರ್ಷದ 19,000 ಡಾಲರ್ ಮಿತಿಯೂ ಹಾಗೇ ಉಳಿಯುತ್ತದೆ. ಮಗನ ಖಾತೆಗೆ ಹಾಕಿ ಮಗ ಕಟ್ಟಿದರೆ ಈ ಅನುಕೂಲ ಹೋಯಿತು. ಇದು ಪಾಠದ ಫೀಸಿಗೆ ಮಾತ್ರ, ಪುಸ್ತಕ, ಹಾಸ್ಟೆಲಿಗೆ ಇಲ್ಲ. ಮುಂದಿನ ವರ್ಷ ಸಮಿತಿ "ಅಜ್ಜ ಕೊಡುತ್ತಾರಲ್ಲ" ಎನ್ನುವುದೂ ಉಂಟು, ಅದನ್ನು ಮೊದಲೇ ಎಚ್ಚರಿಸು.

ನರ್ಸರಿ, ಶಾಲೆ ಬಿಟ್ಟ ನಂತರದ ಪಾಲನೆ, ಹಗಲಿನ ಬೇಸಿಗೆ ಶಿಬಿರ ಇವು ಮಕ್ಕಳ ಪಾಲನೆಯ ತೆರಿಗೆ ರಿಯಾಯಿತಿಗೆ ಬರುತ್ತವೆ. ಕಿಂಡರ್‌ಗಾರ್ಟನ್ ಮತ್ತು ಮೇಲಿನ ಫೀಸು ಬರುವುದಿಲ್ಲ. ಶಾಲೆಯಿಂದ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬಿಲ್ ಮಾಡಿಸಿಕೊ. ಈ ಪಾಲನೆಯ ಖರ್ಚಿಗೆಂದು ಸಂಬಳದಿಂದ ತೆರಿಗೆಗೆ ಮುಂಚೆ ಎತ್ತಿಡುವ ಮಿತಿ 2026ರಿಂದ 5,000 ಇದ್ದದ್ದು 7,500 ಆಗಿದೆ. ಶಾಲೆಯಲ್ಲೇ ಕೆಲಸ ಮಾಡುವವರ ಮಕ್ಕಳಿಗೆ ಸಿಗುವ ಫೀಸು ಕಡಿತಕ್ಕೆ ಸೆಕ್ಷನ್ 117ರ ಪ್ರಕಾರ ತೆರಿಗೆ ಇಲ್ಲ. ಎಷ್ಟೋ ತಾಯಂದಿರು ಶಾಲೆಯ ಕೆಲಸಕ್ಕೆ ಸೇರುವುದು ಇದಕ್ಕೇ.

ರಾಜ್ಯದ ನೆರವಿನಲ್ಲಿ ನ್ಯೂಜೆರ್ಸಿ ಹಿಂದೆ. ಫ್ಲಾರಿಡಾ 2023ರಲ್ಲಿ ಎಲ್ಲ ಮಕ್ಕಳಿಗೂ ಸ್ಕಾಲರ್‌ಶಿಪ್ ತೆರೆಯಿತು, ಮಗುವಿಗೆ ಸುಮಾರು 8,000 ಡಾಲರ್. ನಾಲ್ಕು ಮಕ್ಕಳಿದ್ದವರು ಮನೆ ಮಾರಿ ಅತ್ತ ಹೋಗುವುದು ಸುಮ್ಮನೆ ಅಲ್ಲ. ನ್ಯೂಜೆರ್ಸಿಯಲ್ಲಿ ಸಿಗುವುದು ಬಸ್ಸಿನ ಬದಲಿಗೆ ಕೊಡುವ ಹಣ, ಮಗುವಿಗೆ ವರ್ಷಕ್ಕೆ ಸಾವಿರ ಡಾಲರಿಗಿಂತ ಸ್ವಲ್ಪ ಮೇಲೆ. ಎಂಟನೇ ಕ್ಲಾಸಿನವರೆಗೆ ಮನೆಯಿಂದ ಶಾಲೆ 2 ಮೈಲಿಗಿಂತ, ಹೈಸ್ಕೂಲಿಗೆ 2.5 ಮೈಲಿಗಿಂತ ದೂರ ಇರಬೇಕು, 20 ಮೈಲಿ ಮೀರಬಾರದು. ಬಿ6ಟಿ ಎಂಬ ಫಾರಂ ಶಾಲೆಯ ಮೂಲಕ ಹೋಗುತ್ತದೆ. ಮೂರು ಮಕ್ಕಳಿಗೆ ಮೂರು ಸಾವಿರ, ಆದರೂ ಮರೆಯುವವರು ಬಹಳ. 2027ರ ಜನವರಿಯಿಂದ ಸ್ಕಾಲರ್‌ಶಿಪ್ ಸಂಸ್ಥೆಗೆ ಕೊಟ್ಟ ದಾನಕ್ಕೆ ಒಬ್ಬರಿಗೆ 1,700 ಡಾಲರ್‌ವರೆಗೆ ಕೇಂದ್ರದ ತೆರಿಗೆಯಲ್ಲೇ ಪೂರ್ತಿ ಕಡಿತ ಬರಲಿದೆ. ಸ್ಕಾಲರ್‌ಶಿಪ್ ಸಿಗಬೇಕಾದರೆ ಆ ರಾಜ್ಯ ಒಪ್ಪಿ ಸೇರಿರಬೇಕು. ದಾನಿ ತನ್ನ ಮಗುವಿಗೇ ಎಂದು ಗುರುತು ಹಾಕುವಂತಿಲ್ಲ.

ಅಷ್ಟಾದರೂ ಕೊರತೆ ಬಿದ್ದರೆ ಕ್ರೆಡಿಟ್ ಕಾರ್ಡಿಗೆ ಕೈ ಹಾಕಲು ಬಿಡಬೇಡ. ಬಡ್ಡಿಯಿಲ್ಲದೆ ಸಾಲ ಕೊಡುವ ಗೆಮಾಖ್‌ಗಳು ಊರೂರಲ್ಲಿವೆ, ನ್ಯೂಯಾರ್ಕಿನ ಹೀಬ್ರೂ ಫ್ರೀ ಲೋನ್ ಸೊಸೈಟಿ 1892ರಿಂದ ನಡೆಯುತ್ತಿದೆ. ಜಾಮೀನುದಾರರು ಬೇಕು, ಕಂತು ತಪ್ಪಬಾರದು. ಒಮ್ಮೆಗೆ ಬಂದ ಕಷ್ಟಕ್ಕೆ ಇದು ಸರಿ. ಪ್ರತಿವರ್ಷದ ಕೊರತೆಗೆ ಸಾಲ ಮಾಡಿದರೆ ಮೂರನೇ ವರ್ಷಕ್ಕೆ ಕಂತೇ ಇನ್ನೊಂದು ಮಗುವಿನ ಫೀಸಿನಷ್ಟಾಗುತ್ತದೆ.

ದೊಡ್ಡ ಮಗು ಹನ್ನೆರಡನೇ ಕ್ಲಾಸಿಗೆ ಬಂದ ಮನೆಗಳಲ್ಲಿ ಇನ್ನೊಂದು ಕೆಲಸ ಇದೆ. ಕಾಲೇಜಿನ ಫಾಫ್ಸಾ (ಸರ್ಕಾರಿ ನೆರವಿನ ಅರ್ಜಿ) ಲೆಕ್ಕ ತಮ್ಮ ತಂಗಿಯರ ಯೆಶಿವಾ ಫೀಸನ್ನು ತಾನಾಗಿ ನೋಡುವುದಿಲ್ಲ. ಆದರೆ ಅದನ್ನು ವಿಶೇಷ ಸಂದರ್ಭವೆಂದು ಪರಿಗಣಿಸುವ ಅಧಿಕಾರ ಕಾಲೇಜಿನ ನೆರವು ಕಚೇರಿಗೆ ಕಾನೂನಿನಲ್ಲೇ ಇದೆ. ಶಾಲೆಯಿಂದ ಕಟ್ಟಿದ ಮೊತ್ತದ ಪತ್ರ ತರಿಸಿ, ಕಾಲೇಜಿನ ನೆರವು ಪತ್ರ ಬಂದ ವಾರದಲ್ಲೇ ಬರೆಸಿ ಕಳಿಸು.

ನಿನ್ನ,
ಅಪ್ಪ