ಕೀಬೋರ್ಡ್ ಫೋನ್‌ಗಳ ಮಾರಾಟ ನಿಲ್ಲಿಸುತ್ತಿದ್ದೇವೆ, ರಿಪೇರಿ ನಿಲ್ಲಿಸುತ್ತಿಲ್ಲ

ಮಾನ್ಯ ಗ್ರಾಹಕರಿಗೆ,

ನಮಸ್ಕಾರ. ಮುಖ್ಯ ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಬರುವ ತಿಂಗಳ 1ನೇ ತಾರೀಖಿನಿಂದ ಎಸ್.ಪಿ. ರಸ್ತೆಯ ನಮ್ಮ ಅಂಗಡಿಯಲ್ಲಿ ಒತ್ತುವ ಕೀಗಳಿರುವ ಹಳೆಯ ಬ್ಲ್ಯಾಕ್‌ಬೆರಿ ಫೋನ್‌ಗಳ ಮಾರಾಟ ಇರುವುದಿಲ್ಲ. ನಿಮ್ಮ ಕೈಯಲ್ಲಿ ಈಗಾಗಲೇ ಇರುವ ಸೆಟ್ಟುಗಳ ರಿಪೇರಿ ಮುಂದುವರಿಯುತ್ತದೆ, ಆದರೆ ಎಲ್ಲ ಮಾಡೆಲ್‌ಗಳದ್ದೂ ಅಲ್ಲ. ಬಾಗಿಲಿಗೆ ಎರಡು ಸಾಲಿನ ಚೀಟಿ ಅಂಟಿಸಿ ಸುಮ್ಮನಾಗಬಹುದಿತ್ತು. ನಿಮ್ಮಲ್ಲಿ ಹಲವರು ಹದಿನೈದು ವರ್ಷದಿಂದ ಬರುತ್ತಿರುವವರು. ಚೀಟಿ ಓದಿ ಹೇಗೂ ಒಳಗೆ ಬಂದು ಜಗಳ ಆಡುತ್ತೀರಿ. ಅದಕ್ಕೇ ಇಷ್ಟು ಉದ್ದದ ಪತ್ರ.

ಕಾರಣವಾದ ಘಟನೆಯನ್ನು ಮುಚ್ಚಿಡುವುದಿಲ್ಲ. ಕಳೆದ ಮಳೆಗಾಲದಲ್ಲಿ ತುಮಕೂರಿನಿಂದ ಒಬ್ಬ ಹುಡುಗ ಬಂದು ಕೀ2 ಎಂಬ ಬ್ಲ್ಯಾಕ್‌ಬೆರಿ ಕೊಂಡ. ಅವನ ತಂದೆ ನಮ್ಮಲ್ಲೇ ಕರ್ವ್ ಎಂಬ ಹಳೆಯ ಮಾಡೆಲ್ ರಿಪೇರಿ ಮಾಡಿಸಿಕೊಳ್ಳುತ್ತಿದ್ದವರು. ಕೀಬೋರ್ಡ್ ಬಿಚ್ಚಿ ತೊಳೆದು, ಬ್ಯಾಟರಿ ಬದಲಿಸಿ, ಗಾಜಿಗೆ ಹಾಳೆ ಅಂಟಿಸಿ ಕೊಟ್ಟೆವು. ಮೂರು ವಾರಕ್ಕೆ ವಾಪಸ್ ಬಂದ. ಅವನ ಬ್ಯಾಂಕಿನ ಆ್ಯಪ್ ಈ ಫೋನಿನಲ್ಲಿ ಇನ್ನು ನಡೆಯುವುದಿಲ್ಲ ಎಂದು ಹೇಳಿ ಮುಚ್ಚಿಕೊಂಡಿತ್ತು. ಅದು ಅವನಿಗೆ ಗೊತ್ತಾದದ್ದು ಪೆಟ್ರೋಲ್ ಹಾಕಿಸಿಕೊಂಡ ಮೇಲೆ. ಜೇಬಿನಲ್ಲಿ ನಗದು ಇಲ್ಲ. ಬಂಕ್‌ನಲ್ಲಿ ಹೆಲ್ಮೆಟ್ ಒತ್ತೆ ಇಟ್ಟು, ಎಟಿಎಂ ಹುಡುಕಿಕೊಂಡು ನಡೆದನಂತೆ. ನಮ್ಮ ಮೇಲೆ ಕೂಗಾಡಲಿಲ್ಲ. "ಮೊದಲೇ ಹೇಳಬಹುದಿತ್ತಲ್ಲ ಅಂಕಲ್" ಎಂದಷ್ಟೇ ಅಂದ.

ಹೇಳಬಹುದಿತ್ತು. ಕೀ2ಗೆ ಸಿಕ್ಕ ಕೊನೆಯ ಆಂಡ್ರಾಯ್ಡ್ 8.1 ಎಂಬುದು ನಮಗೆ ಗೊತ್ತಿರುವ ಸಂಗತಿಯೇ. ಬ್ಯಾಂಕಿನವರು ಹಳೆಯ ಆಂಡ್ರಾಯ್ಡ್‌ಗಳನ್ನು ಒಂದೊಂದಾಗಿ ಕೈಬಿಡುತ್ತಿರುವುದೂ ಗೊತ್ತು. ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ದುಡ್ಡು ಪೂರ್ತಿ ಹಿಂದಿರುಗಿಸಿದೆವು. ಆ ಫೋನ್ ಇಂದಿಗೂ ಗಾಜಿನ ಕಪಾಟಿನಲ್ಲಿದೆ; ಅದನ್ನು ನೋಡಿದಾಗಲೆಲ್ಲ ನನಗೂ ನನ್ನ ತಮ್ಮನಿಗೂ ಮಾತು ನಿಲ್ಲುತ್ತದೆ. ಮಾರಾಟ ಸಾಕು ಎಂದು ತೀರ್ಮಾನಿಸಿದ್ದು ಅಲ್ಲಿಯೇ.

ನೋಡಿ, ರಿಪೇರಿಗೆ ಬರುವವರಿಗೆ ತಮ್ಮ ಫೋನ್ ಏನು, ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದು ಗೊತ್ತಿರುತ್ತದೆ. ಮುದಿ ಎತ್ತನ್ನು ಸಾಕುವವರಂತೆ ಅವರು. ಅದೇ ಎತ್ತಿಗೆ ಕೊಂಬು ಹೆರೆದು, ಬಣ್ಣ ಬಳಿದು ಸಂತೆಯಲ್ಲಿ ಹೊಸಬರಿಗೆ ಮಾರುವುದು ಬೇರೆಯೇ ವ್ಯಾಪಾರ. ನಾವು ಮಾಡುತ್ತಿದ್ದುದು ಆ ವ್ಯಾಪಾರವನ್ನೇ.

ಇಷ್ಟು ವರ್ಷ ಏಕೆ ಮಾಡಿದಿರಿ ಎಂದು ಕೇಳಿದರೆ, ಹೊಸದು ಬರುತ್ತದೆ ಎಂಬ ನಂಬಿಕೆ ನಮಗೂ ಇತ್ತು. ಕೆನಡಾದ ವಾಟರ್‌ಲೂನಲ್ಲಿರುವ ಮೂಲ ಕಂಪನಿ 2016ರ ಸೆಪ್ಟೆಂಬರ್‌ನಲ್ಲಿ ಫೋನ್ ತಯಾರಿಯಿಂದ ಕೈ ತೊಳೆದುಕೊಂಡಾಗ ಅಂಗಡಿಯಲ್ಲಿ ಸೂತಕದ ವಾತಾವರಣ. ಮರುವರ್ಷವೇ ಚೀನಾದ ಟಿಸಿಎಲ್ ಆ ಹೆಸರು ಪಡೆದು ಕೀಒನ್ ತಂದಿತು, 2018ರಲ್ಲಿ ಕೀ2 ಬಂತು. ಭಾರತಕ್ಕೆ ಪ್ರತ್ಯೇಕ ಪರವಾನಗಿ ಪಡೆದವರು ಆಪ್ಟಿಮಸ್‌ನವರು. ಟಿಸಿಎಲ್ ಒಪ್ಪಂದ 2020ರ ಆಗಸ್ಟ್ 31ಕ್ಕೆ ಮುಗಿಯಿತು. ಅದೇ ತಿಂಗಳು ಅಮೆರಿಕದ ಆನ್‌ವರ್ಡ್‌ಮೊಬಿಲಿಟಿ ಎಂಬ ಕಂಪನಿ ಕೀಬೋರ್ಡ್ ಇರುವ 5ಜಿ ಬ್ಲ್ಯಾಕ್‌ಬೆರಿ ತರುತ್ತೇವೆ ಎಂದಿತು. "ಇನ್ನೊಂದು ವರ್ಷ ತಡೆಯಿರಿ, ಬರುತ್ತದೆ" ಎಂದು ನಿಮ್ಮಲ್ಲಿ ಎಷ್ಟು ಜನರಿಗೆ ನಾವೇ ಹೇಳಿದ್ದೆವೋ ಲೆಕ್ಕವಿಲ್ಲ. 2022ರ ಫೆಬ್ರವರಿಯಲ್ಲಿ ಆ ಕಂಪನಿಯೇ ಬಾಗಿಲು ಹಾಕಿತು. ಫೋನ್ ಬರಲಿಲ್ಲ.

ಅದಕ್ಕೂ ಒಂದು ತಿಂಗಳು ಮೊದಲು, 2022ರ ಜನವರಿ 4ರಂದು, ಬ್ಲ್ಯಾಕ್‌ಬೆರಿಯ ಸ್ವಂತ ಸಾಫ್ಟ್‌ವೇರ್ ಇರುವ ಎಲ್ಲ ಹಳೆಯ ಫೋನ್‌ಗಳ ಸೇವೆಯನ್ನು ಕಂಪನಿ ನಿಲ್ಲಿಸಿತು. ಕರೆ, ಎಸ್‌ಎಂಎಸ್, ಡೇಟಾ ಯಾವುದನ್ನೂ ಇನ್ನು ನಂಬಿಕೊಳ್ಳಬೇಡಿ ಎಂದು ಅವರೇ ಹೇಳಿದರು. ನಮ್ಮಲ್ಲಿ ಕೆಲವರ ಬೋಲ್ಡ್ ಎಂಬ ಹಳೆಯ ಮಾಡೆಲ್‌ಗಳಲ್ಲಿ ಇಂದಿಗೂ ಕರೆ ಹೋಗುತ್ತದೆ, ಬರುತ್ತದೆ. ಅದು 2ಜಿ ಇನ್ನೂ ಉಸಿರಾಡುತ್ತಿರುವ ಕಾರಣಕ್ಕೆ. ಜಿಯೊ ಸಿಮ್ ಹಾಕಿ ನೋಡಿ, ಸಿಗ್ನಲ್ ಕಡ್ಡಿಯೇ ಏಳುವುದಿಲ್ಲ. ಅದು ಬಂದದ್ದೇ 4ಜಿಯೊಂದಿಗೆ. ಏರ್‌ಟೆಲ್ ತನ್ನ 3ಜಿಯನ್ನು ಮುಚ್ಚಿ ಆ ತರಂಗಗಳನ್ನು 4ಜಿಗೆ ಕೊಟ್ಟಾಗ, "ನಿನ್ನೆ ಮಿಂಚಂಚೆ ಬರುತ್ತಿತ್ತು, ನೀವು ಬಿಚ್ಚಿದ ಮೇಲೆ ಕೆಟ್ಟಿತು" ಎಂದು ನಮ್ಮ ಮೇಲೆ ಆರೋಪ ಹೊರಿಸಿದವರಿದ್ದಾರೆ. ಟವರ್ ನಮ್ಮ ಕೈಯಲ್ಲಿಲ್ಲ ಸ್ವಾಮಿ.

ಇನ್ನು ಯಾವುದು ಉಂಟು, ಯಾವುದು ಇಲ್ಲ.

ಕೀಒನ್, ಕೀ2, ಕೀ2 ಎಲ್‌ಇ ಮತ್ತು ಕ್ಲಾಸಿಕ್ ಈ ನಾಲ್ಕನ್ನು ಪೂರ್ತಿ ರಿಪೇರಿಗೆ ತೆಗೆದುಕೊಳ್ಳುತ್ತೇವೆ. ಪಾಸ್‌ಪೋರ್ಟ್ ಮತ್ತು ಕ್ಯೂ10ಕ್ಕೆ ಕೀಬೋರ್ಡ್ ಕೆಲಸ ಮಾತ್ರ. ಡಿಸ್‌ಪ್ಲೇ ಒಡೆದರೆ, ಒಳಗಿನ ಸರ್ಕ್ಯೂಟ್ ಬೋರ್ಡ್ ಹೋದರೆ ಕ್ಷಮಿಸಿ. ಬೋಲ್ಡ್, ಕರ್ವ್, ಪರ್ಲ್ ಯಾವುದನ್ನೂ ಇನ್ನು ತೆಗೆದುಕೊಳ್ಳುವುದಿಲ್ಲ. ಕರ್ವ್ 8520 ಎಂದರೆ ಒಂದು ಕಾಲದಲ್ಲಿ ನಮ್ಮ ಅನ್ನದ ಬಟ್ಟಲು. ಕಾಲೇಜು ಹುಡುಗರು ಬಿಬಿಎಂ (ಬ್ಲ್ಯಾಕ್‌ಬೆರಿಯ ಸ್ವಂತ ಮೆಸೆಂಜರ್) ಪಿನ್ ಬರೆದುಕೊಳ್ಳುತ್ತ ಕೌಂಟರ್ ಮುಂದೆ ನಿಂತಿರುತ್ತಿದ್ದ ಕಾಲ ಅದು. ಈ ತೀರ್ಮಾನ ಬರೆಯುವಾಗ ತಮ್ಮ ಎದ್ದು ಟೀ ಕುಡಿಯಲು ಹೋದ.

ಬೋಲ್ಡ್ ಬಿಡಲು ಮುಖ್ಯ ಕಾರಣ ಬ್ಯಾಟರಿ. ಬೋಲ್ಡ್ 9900ರ ಜೆಎಂ1 ಬ್ಯಾಟರಿ ಎಂದು ಈಗ ಮಾರುಕಟ್ಟೆಯಲ್ಲಿ ಸಿಗುವುದರಲ್ಲಿ ಲೇಬಲ್ ಮಾತ್ರ ಜೆಎಂ1. ಕಳೆದ ವರ್ಷ ತಂದವುಗಳಲ್ಲಿ ಎರಡು ನಮ್ಮ ಡ್ರಾಯರಿನೊಳಗೇ ಹಪ್ಪಳದಂತೆ ಉಬ್ಬಿದವು. ಫೋನಿಗೆ ಹಾಕಿಯೂ ಇರಲಿಲ್ಲ. ಅಂಥದ್ದನ್ನು ನಿಮ್ಮ ಅಂಗಿಯ ಜೇಬಿಗೆ, ಎದೆಯ ಪಕ್ಕಕ್ಕೆ ಇಟ್ಟು ಕಳಿಸುವ ಧೈರ್ಯ ನಮಗಿಲ್ಲ.

ಬಿಡಿಭಾಗಗಳು ಬರುವುದು ಸತ್ತ ಸೆಟ್ಟುಗಳಿಂದ. ಬೋರ್ಡ್ ಸುಟ್ಟ ಒಂದು ಕ್ಲಾಸಿಕ್‌ನ ಕೀಬೋರ್ಡ್ ಚೆನ್ನಾಗಿರುತ್ತದೆ, ನೀರಿಗೆ ಬಿದ್ದ ಇನ್ನೊಂದರ ಡಿಸ್‌ಪ್ಲೇ ಚೆನ್ನಾಗಿರುತ್ತದೆ. ಮಾರುವುದಕ್ಕೆಂದು ನಾವು ಜೋಡಿಸಿ ಇಟ್ಟಿದ್ದ ಫೋನ್‌ಗಳನ್ನೂ ಈಗ ಬಿಚ್ಚಿ ಭಾಗ ಮಾಡುತ್ತಿದ್ದೇವೆ. ಮಾರಾಟ ನಿಲ್ಲಿಸಿದ್ದರಿಂದ ನಿಮಗೆ ಆಗುವ ಲಾಭವೂ ಇದೇ: ಒಬ್ಬ ಹೊಸಬನ ಕೈಗೆ ಹೋಗಬೇಕಿದ್ದ ಒಂದು ಕೀ2, ನಿಮ್ಮಂಥ ಮೂವರ ಫೋನ್‌ಗಳನ್ನು ಇನ್ನೆರಡು ವರ್ಷ ನಡೆಸುತ್ತದೆ. ನಿಮ್ಮ ಮನೆಯಲ್ಲಿ ಕೆಟ್ಟು ಬಿದ್ದಿರುವ ಸೆಟ್ಟು ಇದ್ದರೆ ತನ್ನಿ, ತೂಕದ ಬೆಲೆಗಿಂತ ಚೆನ್ನಾಗಿಯೇ ಕೊಡುತ್ತೇವೆ.

ಕೀಬೋರ್ಡ್ ಕೆಲಸದ ದರವೂ ಬದಲಾಗಿದೆ. ಶುಚಿ ಮಾಡುವುದಕ್ಕೆ 450 ರೂಪಾಯಿ, ಡೋಮ್ ಶೀಟ್ ಬದಲಿಸಿದರೆ 900. "ಬ್ರಷ್‌ನಿಂದ ಉಜ್ಜುವುದಕ್ಕೆ ಇಷ್ಟಾ?" ಎನ್ನುವವರಿಗಾಗಿ ಒಂದು ಕೀಬೋರ್ಡಿನ ಕಥೆ ಹೇಳುತ್ತೇನೆ. ಪ್ರತಿ ಅಕ್ಷರದ ಕೆಳಗೆ ಸಾಸಿವೆಗಿಂತ ತುಸು ದೊಡ್ಡದಾದ, ಲೋಹದ ಪುಟ್ಟ ಗುಮ್ಮಟವಿರುತ್ತದೆ. ನೀವು ಒತ್ತಿದಾಗ ಅದು ತಗ್ಗಿ ಕೆಳಗಿನ ಚಿನ್ನದ ಬಣ್ಣದ ಚುಕ್ಕೆಯನ್ನು ಮುಟ್ಟುತ್ತದೆ, ಬಿಟ್ಟಾಗ ಪುಟಿದು ಮೇಲೇಳುತ್ತದೆ. ನಿಮ್ಮ ಹೆಬ್ಬೆರಳಿಗೆ ಸಿಗುವ ಆ 'ಟಿಕ್' ಅಲ್ಲಿಂದ ಬರುವುದು. ಗುಮ್ಮಟಗಳೆಲ್ಲ ಒಂದೇ ತೆಳು ಹಾಳೆಗೆ ಅಂಟಿಕೊಂಡಿರುತ್ತವೆ, ಡೋಮ್ ಶೀಟ್ ಎಂದರೆ ಇದೇ. ಆ ಹಾಳೆಯನ್ನು ಎಬ್ಬಿಸುವಾಗ ಒಂದು ಗುಮ್ಮಟ ಕೂದಲೆಳೆಯಷ್ಟು ಸರಿದರೂ ಮುಗಿಯಿತು, 'ಎ' ಒತ್ತಿದರೆ ಎರಡು ಸಲ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಕೀಒನ್‌ನಲ್ಲಿ ಇನ್ನೂ ಒಂದು ತೊಡಕು: ಕೀಗಳ ಮೇಲೆ ಬೆರಳು ಸವರಿದರೆ ಪುಟ ಸರಿಯುತ್ತದೆ, ಸ್ಪೇಸ್ ಪಟ್ಟಿಯೊಳಗೆ ಬೆರಳಚ್ಚು ಓದುವ ಸೆನ್ಸರ್ ಕೂತಿದೆ. ಸ್ಪಿರಿಟ್ ಒಂದು ಹನಿ ಹೆಚ್ಚಾದರೂ ಅದು ಮುನಿಸಿಕೊಳ್ಳುತ್ತದೆ. ಕನ್ನಡಕದ ಮೇಲೆ ಭೂತಗನ್ನಡಿ ಸಿಕ್ಕಿಸಿಕೊಂಡು, ಫ್ಯಾನ್ ಆರಿಸಿ, ಒಂದು ಕೀಬೋರ್ಡಿಗೆ ಒಂದೂವರೆ ಗಂಟೆ ಕೂರಬೇಕು. ಉಸಿರು ಬಿಟ್ಟರೂ ಹಾರಿ ಹೋಗುವ ಮಾಲು ಅದು.

ಟಚ್‌ಸ್ಕ್ರೀನ್ ಕಾಲದಲ್ಲೂ ಇದಕ್ಕೆ ಅಂಟಿಕೊಂಡಿರುವ ನಿಮ್ಮನ್ನು ಪಕ್ಕದ ಅಂಗಡಿಯವರು ತಮಾಷೆ ಮಾಡುತ್ತಾರೆ. ನಾವು ಮಾಡುವುದಿಲ್ಲ, ಏಕೆಂದರೆ ಕಾರಣಗಳನ್ನು ಕೌಂಟರಿನ ಈಚೆಯಿಂದ ನೋಡಿದ್ದೇವೆ. ನಿಮ್ಮಲ್ಲೊಬ್ಬ ಹಿರಿಯರಿಗೆ ಬೆರಳ ತುದಿಯ ಚರ್ಮ ಒಣಗಿ ಗಡುಸಾಗಿದೆ. ಗಾಜಿನ ಪರದೆಗೆ ಅವರ ಬೆರಳು ಬೆರಳೆಂದೇ ಅನ್ನಿಸುವುದಿಲ್ಲ. ಮೊಮ್ಮಗ ಕೊಡಿಸಿದ ದುಬಾರಿ ಫೋನನ್ನು ಹತ್ತು ಸಲ ಕುಟ್ಟಿ, ಕೊನೆಗೆ ಕ್ಲಾಸಿಕ್ಕೇ ಸರಿ ಎಂದು ಹಿಂದಿರುಗಿದರು. ಕಣ್ಣು ಮಂಜಾದ ಒಬ್ಬ ವಕೀಲರು ಕೀಗಳ ಏಣನ್ನು ತಡವಿ, ಎದುರಿಗಿದ್ದವರ ಮುಖ ನೋಡುತ್ತಲೇ ಸಂದೇಶ ಬರೆಯುತ್ತಾರೆ. ಕೆಲವರದ್ದು ಬರೀ ಹಟ. ಅದನ್ನೂ ನಾವು ಕಾರಣವೆಂದೇ ಎಣಿಸುತ್ತೇವೆ.

ಕನ್ನಡದ ವಿಷಯಕ್ಕೆ ಬಂದರೆ, ನಿಜ ಹೇಳಬೇಕು, ಈ ಫೋನ್‌ಗಳು ನಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವಲ್ಲ. ಕೀ ಮೇಲೆ ಕನ್ನಡ ಅಕ್ಷರ ಕೊರೆದ ಒಂದು ಸೆಟ್ಟನ್ನೂ ನಾನು ಕಂಡಿಲ್ಲ. ಕರ್ವ್ ಕಾಲದಲ್ಲಿ ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಣ್ಣಿಗೆ ಹಿಂಸೆ ಕೊಟ್ಟವರೇ. ಆಂಡ್ರಾಯ್ಡ್ ಇರುವ ಕೀಒನ್, ಕೀ2ಗಳಲ್ಲಿ ದಾರಿ ಇದೆ. ಕೆ.ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಿಂದ ನಮ್ಮ ಕಚೇರಿಗಳಿಗೆಲ್ಲ ಪರಿಚಯವಾದ ಕನ್ನಡ ಕೀಬೋರ್ಡ್ ವಿನ್ಯಾಸಕ್ಕೆ 26 ಕೀ ಮತ್ತು ಒಂದು ಶಿಫ್ಟ್ ಇದ್ದರೆ ಸಾಕು. 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ 'ಎಫ್'. ಕಚೇರಿಯಲ್ಲಿ ಬೆರಳಚ್ಚುಗಾರ್ತಿಯಾಗಿ ನಿವೃತ್ತರಾದ ಒಬ್ಬ ಅಮ್ಮ ನಮ್ಮ ಕೌಂಟರ್ ಮೇಲೆಯೇ ಎರಡು ಹೆಬ್ಬೆರಳಲ್ಲಿ 'ಅಕ್ಕ' ಎಂದು ಬರೆದು ತೋರಿಸಿದಾಗ ನನ್ನ ತಮ್ಮ ಬಾಯಿ ಬಿಟ್ಟುಕೊಂಡು ನೋಡಿದ. ಎಲ್ಲ ಕನ್ನಡ ಆ್ಯಪ್‌ಗಳೂ ನಿಜವಾದ ಕೀಗಳ ಮಾತು ಕೇಳುವುದಿಲ್ಲ. ಬೇಕಾದವರು ಅಂಗಡಿಗೆ ಬಂದರೆ ಹೊಂದಿಸಿ ಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ.

ಹೊಸ ಕೀಬೋರ್ಡ್ ಫೋನ್ ಬೇಕೇಬೇಕು ಎನ್ನುವವರು ಚೀನಾದ ಯೂನಿಹರ್ಟ್ಜ್ ಮಾಡುವ ಟೈಟನ್ ಸಾಲನ್ನು ಕೇಳುತ್ತಿದ್ದೀರಿ. 2025ರಲ್ಲಿ ಬಂದ ಟೈಟನ್ 2 ನೋಡುವುದಕ್ಕೆ ನಮ್ಮ ಪಾಸ್‌ಪೋರ್ಟಿನ ತಮ್ಮನಂತಿದೆ. ಐಫೋನ್‌ಗೆ ಕವರಿನಂತೆ ತೊಡಿಸುವ ಕ್ಲಿಕ್ಸ್ ಕೀಬೋರ್ಡ್ ಕೂಡ 2024ರಿಂದ ಇದೆ. ಎರಡನ್ನೂ ನಾವು ಬಿಚ್ಚಿ ನೋಡಿಲ್ಲ, ಬಿಚ್ಚದೇ ಇರುವುದರ ಬಗ್ಗೆ ಮಾತು ಕೊಡುವುದಿಲ್ಲ. ಹೊರದೇಶದಿಂದ ತರಿಸಿದರೆ ಸುಂಕ ಎಷ್ಟಾಗುತ್ತದೆ, ಕೆಟ್ಟರೆ ಎಲ್ಲಿಗೆ ಕಳಿಸಬೇಕು ಎಂಬುದನ್ನು ವಿಚಾರಿಸಿಕೊಂಡು ಮುಂದುವರಿಯಿರಿ.

ಕೈಯಲ್ಲಿರುವ ಕೀಒನ್, ಕೀ2ವನ್ನೇ ಬಳಸುವವರಿಗೆ ಒಂದು ವಿನಂತಿ, ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ: ಬ್ಯಾಂಕ್, ಯುಪಿಐ ಎರಡನ್ನೂ ಅದರಿಂದ ತೆಗೆಯಿರಿ. ಇಂದು ಆ್ಯಪ್ ನಡೆಯುತ್ತಿದ್ದರೂ ಸರಿ. ಆ ಫೋನ್‌ಗಳಿಗೆ ಭದ್ರತೆಯ ಅಪ್‌ಡೇಟ್ ನಿಂತು ವರ್ಷಗಳಾಗಿವೆ. ದುಡ್ಡಿನ ಕೆಲಸಕ್ಕೆ ಒಂದು ಸಾಧಾರಣ ಹೊಸ ಫೋನ್ ಇಟ್ಟುಕೊಳ್ಳಿ, ಬರೆಯುವುದಕ್ಕೆ ಇದನ್ನು ಇಟ್ಟುಕೊಳ್ಳಿ. ನಾನೂ ಹಾಗೆಯೇ ಎರಡು ಹೊತ್ತುಕೊಂಡು ತಿರುಗುತ್ತಿದ್ದೇನೆ, ಮನೆಯಲ್ಲಿ ನಗುತ್ತಾರೆ.

ರಿಪೇರಿಗೆ ತರುವ ಮುನ್ನ ಫೋನ್ ನಂಬರುಗಳನ್ನು ಬೇರೆಡೆ ಉಳಿಸಿಕೊಳ್ಳಿ. ಪಾಸ್‌ವರ್ಡನ್ನು ಚೀಟಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಹಳೆಯ ಬ್ಲ್ಯಾಕ್‌ಬೆರಿಗಳು 10 ಸಲ ತಪ್ಪಾದರೆ ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. 'ಸೊನ್ನೆಯೋ, ಓ ಅಕ್ಷರವೋ' ಎಂದು ನಾವು ಊಹಿಸುತ್ತ ಒಂಬತ್ತನೆಯ ಸಲಕ್ಕೆ ಬಂದು ಬೆವರಿದ್ದುಂಟು. ನಮ್ಮ ಬಳಿ ಬಿಟ್ಟುಹೋಗಿರುವ ಬೋಲ್ಡ್, ಕರ್ವ್‌ಗಳ ಮಾಲೀಕರು ಈ ತಿಂಗಳ ಕೊನೆಯೊಳಗೆ ರಸೀದಿ ತೋರಿಸಿ ಒಯ್ಯಬೇಕು. ರಸೀದಿ ಕಳೆದಿದ್ದರೆ ಬನ್ನಿ, ಮುಖ ನೋಡಿದರೆ ನಮಗೆ ಮಾಡೆಲ್ ನೆನಪಾಗುತ್ತದೆ. ಭಾನುವಾರ ಎಂದಿನಂತೆ ರಜೆ.

ಇನ್ನೊಂದೇ ಮಾತು. ಪ್ರತಿವರ್ಷ ಆಯುಧಪೂಜೆ ಮುಗಿದ ವಾರ ನಾಲ್ಕೈದು ಕೀಬೋರ್ಡ್‌ಗಳು ಬರುತ್ತವೆ, ಬಿಚ್ಚಿದರೆ ಗುಮ್ಮಟಗಳ ಸುತ್ತ ಅರಿಶಿನ, ಕುಂಕುಮದ ಕೆಸರು. ಭಕ್ತಿಗೆ ನಮ್ಮ ಆಕ್ಷೇಪವಿಲ್ಲ. ಈ ಸಲ ಫೋನನ್ನು ಬೋರಲಾಗಿ ಇಟ್ಟು, ಬೆನ್ನಿಗೆ ಹಚ್ಚಿ.

ನಿಮ್ಮ ವಿಶ್ವಾಸಿಗಳು,
ಅಂಗಡಿಯ ಅಣ್ಣ ಮತ್ತು ತಮ್ಮ