ಟೂಲ್ ಯಾವುದಾದ್ರೂ ಸರಿ, ಕಥೆಗೆ ನೆನಪಿರಬೇಕು

ಪ್ರೀತಿಯ ತಂಗೀ,

ಓದುಗರೇ ಆಯ್ಕೆ ಮಾಡ್ತಾ ಮುಂದೆ ಸಾಗೋ ಕಥೆ ಬರೆಯೋಕೆ ಯಾವ ಟೂಲ್ ಒಳ್ಳೇದು, ಟ್ವೈನಾ, ಇಂಕಾ, ಚಾಯ್ಸ್‌ಸ್ಕ್ರಿಪ್ಟಾ ಅಂತ ಕೇಳಿದೀಯ. ಮೂರರ ವಿಡಿಯೋನೂ ನೋಡಿ ಮುಗಿಸಿದೀಯ, ಕಥೆ ಮಾತ್ರ ಒಂದು ಸಾಲೂ ಶುರುವಾಗಿಲ್ಲ. ಟ್ವೈನ್‌ನಲ್ಲಿ ಶುರು ಮಾಡು, ಇವತ್ತೇ. 2009ರಲ್ಲಿ ಕ್ರಿಸ್ ಕ್ಲೈಮಸ್ ಮಾಡಿದ್ದು ಅದು, ಫ್ರೀ, ಬ್ರೌಸರ್‌ನಲ್ಲೇ ಓಡುತ್ತೆ, ಕೋಡಿಂಗ್ ಬರದಿದ್ರೂ ನಡೆಯುತ್ತೆ. [[ಪತ್ರ ಒಡೆದು ಓದು->ಓದಿದಳು]] ಅಂತ ಟೈಪ್ ಮಾಡಿದ್ರೆ ಸಾಕು, ಓದುಗರಿಗೆ ಒಂದು ಲಿಂಕ್ ಕಾಣುತ್ತೆ, ಬರೆಯೋವಾಗ ನಿಂಗೆ ಕಾಣೋ ಕಥೆಯ ಮ್ಯಾಪ್‌ನಲ್ಲಿ 'ಓದಿದಳು' ಅನ್ನೋ ಹೊಸ ಬಾಕ್ಸ್ ತಾನಾಗೇ ಹುಟ್ಟಿ ಬಾಣದ ಗುರುತು ಹಾಕ್ಕೊಳ್ಳುತ್ತೆ. ಕಥೆ ಎಲ್ಲಿಂದ ಎಲ್ಲಿಗೆ ಹೋಗ್ತಿದೆ ಅಂತ ಕಣ್ಣಿಗೇ ಕಾಣೋದು ಶುರುವಿನಲ್ಲಿ ತುಂಬಾ ಸಹಾಯ ಮಾಡುತ್ತೆ.

ಆದ್ರೆ ಆ ಮ್ಯಾಪ್ ನೋಡ್ಕೊಂಡು ಕೊಂಬೆ ಮೇಲೆ ಕೊಂಬೆ ಬೆಳೆಸ್ತಾ ಹೋಗ್ಬೇಡ. ಪ್ರತಿ ಸಲ ಎರಡೇ ಆಯ್ಕೆ ಕೊಟ್ರೂ, ಯಾವುದನ್ನೂ ಮತ್ತೆ ಕೂಡಿಸದೇ ಹೋದ್ರೆ, ಹತ್ತನೇ ಆಯ್ಕೆ ಹೊತ್ತಿಗೆ 1,024 ಅಂತ್ಯ ಬರೀಬೇಕಾಗುತ್ತೆ, ಅಷ್ಟು ಯಾರ ಕೈಲೂ ಆಗಲ್ಲ, ಬರೆದ್ರೂ ಓದುಗರು ನೋಡೋದು ಒಂದನ್ನೇ. ಅದಕ್ಕೇ ದಾರಿಗಳನ್ನ ಮತ್ತೆ ಸೇರಿಸ್ಬೇಕು. ಸೇರಿಸಿದ ಮೇಲೂ ಆ ಆಯ್ಕೆ ಸುಳ್ಳಾಗಬಾರದು ಅಂದ್ರೆ ಕಥೆ ಅದನ್ನ ನೆನಪಿಟ್ಕೊಂಡಿರಬೇಕು. ನಾನು ಹೇಳ್ಬೇಕು ಅಂತಿದ್ದಿದ್ದು ಮುಖ್ಯವಾಗಿ ಇದೇ.

ನೋಡು, ಅಣ್ಣನ ಹೆಸರಿಗೆ ಬಂದ ಪತ್ರ ತಂಗಿ ಕೈಗೆ ಸಿಕ್ತು ಅಂತ ಇಟ್ಕೋ. ಒಡೆದು ಓದ್ಬಹುದು, ಹಾಗೇ ಮೇಜಿನ ಮೇಲಿಡಬಹುದು. ಎರಡೂ ದಾರಿ ಸಂಜೆಯ ಒಂದೇ ದೃಶ್ಯಕ್ಕೆ ಬಂದು ಸೇರುತ್ತೆ, ಅಣ್ಣ ಬಂದು "ಏನಂತೆ ಅದರಲ್ಲಿ?" ಅಂತಾನೆ, ಅಲ್ಲಿರೋ ಆಯ್ಕೆ "ನಂಗೇನ್ ಗೊತ್ತು" ಅಂತ. ಓದದೇ ಇದ್ದವಳಿಗೆ ಅದು ಬರೀ ಉತ್ತರ, ಓದಿದವಳಿಗೆ ಅದೇ ಮಾತು ಸುಳ್ಳು, ಅದನ್ನ ಕ್ಲಿಕ್ ಮಾಡೋವಾಗ ಓದುಗರ ಬೆರಳು ಒಂದು ಕ್ಷಣ ನಿಲ್ಲುತ್ತೆ. ನೀನು ಹೊಸದಾಗಿ ಒಂದು ದೃಶ್ಯಾನೂ ಬರೆದಿಲ್ಲ, ಓದಿದ್ಲೋ ಇಲ್ವೋ ಅಂತ ಒಂದು ವೇರಿಯಬಲ್‌ನಲ್ಲಿ, ಅಂದ್ರೆ ಕಥೆ ನೆನಪಿಟ್ಕೊಳ್ಳೋ ಒಂದು ಹೆಸರಿಟ್ಟ ಗುರುತಿನಲ್ಲಿ, ಇಟ್ಕೊಂಡಿದೀಯ ಅಷ್ಟೇ, ಮುಂದೆ ಅದನ್ನ ನೋಡಿ ಒಂದೆರಡು ಸಾಲು ಬದಲಾಯಿಸಿದ್ರೂ ಸಾಕು. ಟ್ವೈನ್‌ನಲ್ಲಿ ಇದನ್ನ ಹಾರ್ಲೋ ಅಥವಾ ಶುಗರ್‌ಕ್ಯೂಬ್ ಅನ್ನೋ ಸ್ಟೋರಿ ಫಾರ್ಮ್ಯಾಟ್ (ಇಂಥ ಸೂಚನೆಗಳನ್ನ ಓದಿ ಕಥೆ ನಡೆಸೋ ಭಾಗ) ಮೂಲಕ ಮಾಡೋದು, ಎರಡರ ಬರೆಯೋ ರೀತಿ ಬೇರೆ ಬೇರೆ, ಹಾಗಾಗಿ ಒಂದನ್ನ ಹಿಡಿದ್ರೆ ಕಥೆ ಮಧ್ಯದಲ್ಲಿ ಬದಲಾಯಿಸ್ಬೇಡ.

ಒಂದು ಕಥೆ ಮುಗಿಸಿದ ಮೇಲೆ ಇಂಕ್ ಕಲಿ. ಇಂಕಲ್ ಸ್ಟುಡಿಯೋದವರು ತಮ್ಮ ಗೇಮ್‌ಗಳಿಗೆ ಅಂತ ಮಾಡ್ಕೊಂಡು 2016ರಲ್ಲಿ ಓಪನ್ ಸೋರ್ಸ್ ಮಾಡಿದ್ದು, ಅಂದ್ರೆ ಯಾರು ಬೇಕಾದ್ರೂ ಬಳಸೋ ಹಾಗೆ ಕೋಡ್ ಬಿಟ್ಟುಕೊಟ್ಟಿದ್ದು. ಅದರಲ್ಲಿ ಮ್ಯಾಪ್ ಇಲ್ಲ, ನಾಟಕದ ಸ್ಕ್ರಿಪ್ಟ್ ಥರ ಮೇಲಿಂದ ಕೆಳಗೆ ಬರ್ಕೊಂಡು ಹೋಗೋದು, ನಕ್ಷತ್ರ ಹಾಕಿದ್ರೆ ಆಯ್ಕೆ, ಅಡ್ಡಗೆರೆ ಹಾಕಿದ್ರೆ ದಾರಿಗಳೆಲ್ಲ ಮತ್ತೆ ಒಂದೆಡೆ ಸೇರ್ಕೊಳ್ಳುತ್ತೆ. ನಂಗೆ ತುಂಬಾ ಇಷ್ಟವಾಗೋದು ಏನಂದ್ರೆ ಓದುಗರು ಕಥೆಯ ಯಾವ ಭಾಗಕ್ಕೆ ಎಷ್ಟು ಸಲ ಬಂದ್ರು ಅಂತ ಇಂಕ್ ತಾನೇ ಲೆಕ್ಕ ಇಟ್ಕೊಳ್ಳುತ್ತೆ, 'ಪತ್ರ ಓದಿದ್ಲು' ಅನ್ನೋದಕ್ಕೆ ಬೇರೆ ವೇರಿಯಬಲ್ಲೇ ಬೇಡ. ಮಾತುಕತೆ ಜಾಸ್ತಿ ಇರೋ ಕಥೆಗೆ ಇದನ್ನ ಬಿಟ್ರೆ ಬೇರೆ ಇಲ್ಲ ಅಂತೀನಿ. ಚಾಯ್ಸ್‌ಸ್ಕ್ರಿಪ್ಟ್ ಧೈರ್ಯ, ನಂಬಿಕೆ ಅಂತ ಅಂಕಿಗಳು ಏರಿಳಿಯೋ ದೊಡ್ಡ ಕಾದಂಬರಿಗಳಿಗೆ ಒಳ್ಳೇದು, ಕಥೇನ ತಾನೇ ಸಾವಿರಾರು ಸಲ ಆಡಿ ಎಲ್ಲಿ ಮುರಿಯುತ್ತೆ ಅಂತ ತೋರಿಸೋ ಟೆಸ್ಟ್ ಕೂಡ ಇದೆ, ಆದ್ರೆ ಅದರಲ್ಲಿ ಬರೆದಿದ್ದನ್ನ ಮಾರೋದಾದ್ರೆ ಮೊದಲು ಲೈಸೆನ್ಸ್ ಓದ್ಕೋ.

ಹಂಚೋದು ಕಷ್ಟ ಇಲ್ಲ. ಟ್ವೈನ್ ಇಡೀ ಕಥೇನ ಒಂದೇ ಎಚ್‌ಟಿಎಂಎಲ್ ಫೈಲ್ ಮಾಡಿ ಕೊಡುತ್ತೆ, ಅದನ್ನ ಇಚ್.ಐಒ (itch.io) ಅನ್ನೋ ಗೇಮ್ ಹಂಚೋ ಸೈಟಿಗೆ ಹಾಕಿ ಬ್ರೌಸರ್‌ನಲ್ಲೇ ಆಡೋ ಹಾಗೆ ಸೆಟ್ ಮಾಡು, ಶುರುವಿಗೆ ಪಾಸ್‌ವರ್ಡ್ ಇಟ್ಟು ನಾಲ್ಕು ಜನಕ್ಕೆ ಮಾತ್ರ ತೋರಿಸ್ಬಹುದು. ಫೋನಲ್ಲಿ ತೆಗೆದು ನೋಡೋದು ಮರೀಬೇಡ, ಲಿಂಕ್‌ಗಳು ಒತ್ತೊತ್ತಾಗಿದ್ರೆ ಬೆರಳು ತಪ್ಪು ಕಡೆ ಬೀಳುತ್ತೆ. ಹಾಂ, ಇದು ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಬ್ರೌಸರ್‌ನ ಟ್ವೈನ್‌ನಲ್ಲಿ ಬರೆದಿದ್ದು ಆ ಬ್ರೌಸರ್ ಒಳಗೇ ಇರುತ್ತೆ, ಡೇಟಾ ಕ್ಲಿಯರ್ ಮಾಡಿದ್ರೆ ಕಥೆ ಹೋಯ್ತು, ದಿನಾ ಬರೆದು ಮುಗಿಸಿ ಏಳೋ ಮುಂಚೆ ಫೈಲ್ ಡೌನ್‌ಲೋಡ್ ಮಾಡಿ ಬೇರೆ ಕಡೆ ಇಡು, ಇಲ್ಲಾಂದ್ರೆ ಡೆಸ್ಕ್‌ಟಾಪ್ ಆಪ್ ಹಾಕ್ಕೋ.

ಮೊದಲನೇ ಕಥೆಗೆ ಹದಿನೈದು ಪ್ಯಾಸೇಜ್, ಅಂದ್ರೆ ಮ್ಯಾಪ್‌ನ ಹದಿನೈದು ಬಾಕ್ಸ್ ಸಾಕು. ಮುಗಿದ ಮೇಲೆ ಯಾರಾದ್ರೂ ಆಡೋವಾಗ ಪಕ್ಕದಲ್ಲಿ ಕೂತ್ಕೋ, ಬಾಯಿ ಬಿಡ್ಬೇಡ, ಅವರು ಎಲ್ಲಿ ಓದದೇ ಬರೀ ಕ್ಲಿಕ್ ಮಾಡ್ತಾ ಹೋದ್ರು ಅಂತ ಗುರುತು ಹಾಕ್ಕೋ, ಕತ್ತರಿಸ್ಬೇಕಾಗಿರೋದು ಅಲ್ಲೇ. ಆಮೇಲೆ ಲಿಂಕ್ ಕಳ್ಸು, ನಾನು ಎರಡೂ ದಾರಿ ಆಡಿ ನೋಡಿ ಬರೀತೀನಿ.

ನಿನ್ನ ಅಕ್ಕ