ನೀರು ಕುಡಿದ ಎಂಜಿನ್: ರಿಪೇರಿಯೋ, ಬದಲಿಯೋ?

ಸಂಪಾದಕರೇ,

ಕಳೆದ ಮಳೆಗಾಲ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನನ್ನ ಕಾರು ನಿಂತಿತು. ಸುಮ್ನೆ ಇಳಿದು ತಳ್ಳಬೇಕಿತ್ತು, ಎರಡು ಸಲ ಸೆಲ್ಫ್ ಹೊಡೆದೆ. ಕೆಟ್ಟದ್ದು ಅಲ್ಲೇ. ಏರ್ ಫಿಲ್ಟರ್ ದಾಟಿ ಸಿಲಿಂಡರಿಗೆ ಹೋದ ನೀರನ್ನು ಪಿಸ್ಟನ್ ಒತ್ತಲಾಗದೆ ಪಿಸ್ಟನ್ನನ್ನು ಕ್ರ್ಯಾಂಕಿಗೆ (ಎಂಜಿನ್ನಿನ ತಿರುಗುವ ದಂಡಕ್ಕೆ) ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಿತು.

ಶೋರೂಮಿನವರು ಬಿಚ್ಚುವ ಮೊದಲೇ "ಹೊಸ ಎಂಜಿನ್ ಹಾಕಿಸಿ" ಅಂದರು. ಎಂತ ಅವಸರ ಮಾರಾಯ್ರೆ! ಬೈಕಂಪಾಡಿಯ ಮೆಕ್ಯಾನಿಕ್ ಒಬ್ಬರು ಬಿಚ್ಚಿ, ಆ ರಾಡನ್ನು ನನ್ನ ಕೈಗೇ ಕೊಟ್ಟರು, ಗಾಳಿಗೆ ಸಿಕ್ಕಿದ ಕೊಡೆಕಡ್ಡಿಯ ಹಾಗಿತ್ತು. ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಭಾಗ ಒಡೆದಿಲ್ಲ, ಕ್ರ್ಯಾಂಕ್ ಅಳತೆ ಸರಿ ಇದೆ, ಹಾಗಾಗಿ ರಾಡ್, ಬೇರಿಂಗ್, ರಿಂಗ್, ಗ್ಯಾಸ್ಕೆಟ್ ಹಾಕಿದರೆ ಸಾಕು ಅಂದರು. ಬ್ಲಾಕಿಗೇ ತೂತು ಬಿದ್ದಿದ್ದರೆ ಬೇರೆ ಮಾತು. ಗುಜರಿ ಎಂಜಿನ್ ಅಗ್ಗವೇ, ಆದರೆ ಎಷ್ಟು ಓಡಿದೆಯೋ ಯಾರಿಗೆ ಗೊತ್ತು, ಮೇಲಿಂದ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಿಸಲು ಆರ್‌ಟಿಒ ಅಲೆದಾಟ.

ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸದ ಇನ್ಶೂರೆನ್ಸಿನಲ್ಲಿ ಇದಕ್ಕೆಲ್ಲ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಕರಾವಳಿಯವರು ಮೇ ತಿಂಗಳಲ್ಲೇ ಪಾಲಿಸಿ ತೆಗೆದು ನೋಡಿ. ಸಂಬಂಧಪಟ್ಟವರು ಚರಂಡಿಯ ಹೂಳು ತೆಗೆದು, ನೀರು ನಿಲ್ಲುವ ಕಡೆ ಆಳ ತೋರಿಸುವ ಒಂದು ಕಂಬವನ್ನಾದರೂ ನೆಡಬಹುದಲ್ವಾ?

ಒಬ್ಬ ಓದುಗ, ಮಂಗಳೂರು